ನಿಡ್ಲೆಯ ಕಾಡಂಚಿನಲ್ಲಿ ಒಂದು ಬೆಳಗು

ಬಿ.ಸಿ.ರೋಡಿನಲ್ಲಿ ಹತ್ತಿದ ಬಸ್ಸು ಬೆಳ್ತಂಗಡಿ, ಉಜಿರೆ ದಾಟಿ ನಿಮ್ಮನ್ನು ಧರ್ಮಸ್ಥಳದಲ್ಲಿ ಇಳಿಸುತ್ತದೆ. ಅಲ್ಲಿಂದ ಕೊಕ್ಕಡದ ದಿಕ್ಕಿಗೆ ಹೊರಟರೆ ನಿಡ್ಲೆ. ಜನವರಿಯ ಬೆಳಗು. ಅಂಗಳದ ತುಂಬ ಅಡಿಕೆ ಹರವಿದ್ದಾರೆ. ತೋಟದಾಚೆ ರಬ್ಬರು, ಅದರಾಚೆ ಕಾಡು.

ಮುಂದೆ ಹೋಗುತ್ತಿರುವ ಹುಡುಗನ ಪ್ಯಾಂಟಿನ ತುದಿ ಕಾಲುಚೀಲದೊಳಗಿದೆ, ಕೈಗೆಲ್ಲ ಉಣುಗು ಹತ್ತದಂತೆ ಹಚ್ಚಿದ ಡೇಪಾ ತೈಲ. ಬಿಳಿ ಫ್ಲಾನೆಲ್ ಬಟ್ಟೆಯೊಂದನ್ನು ತರಗೆಲೆಯ ಮೇಲೆ ಮೆಲ್ಲಗೆ ಎಳೆಯುತ್ತಾನೆ, ಕೆಲವು ಹೆಜ್ಜೆಗೊಮ್ಮೆ ನಿಂತು ಮಗುಚಿ ನೋಡುತ್ತಾನೆ. ನೀವೂ ಬಗ್ಗಿ. ಎಳ್ಳಿಗಿಂತ ಸಣ್ಣ ಕಂದು ಚುಕ್ಕೆಯೊಂದು ಕಾಲಾಡಿಸುತ್ತಿದೆ. ಉಣುಗಿನ ಮರಿ. ಚಿಮುಟದಲ್ಲಿ ಎತ್ತಿ ಸೀಸೆಗೆ ಹಾಕಿ, ಜಾಗ, ತಾರೀಕು ಬರೆದ ಚೀಟಿ ಅಂಟಿಸುತ್ತಾನೆ. ಮಂಗನ ಕಾಯಿಲೆ ಮನುಷ್ಯನಿಗೆ ದಾಟುವುದು ಹೆಚ್ಚಾಗಿ ಈ ಮರಿಯಿಂದಲೇ.

ಈಗ 1982ರ ಕೊನೆಗೆ ಬನ್ನಿ. ಇದೇ ಸೀಮೆಯಲ್ಲಿ ಗೇರು ತೋಟಕ್ಕೆಂದು ಮೀಸಲು ಕಾಡು ಕಡಿಯುತ್ತಿದ್ದಾರೆ. ಮರದಡಿ ಮಂಗಗಳು ಸತ್ತು ಬೀಳುತ್ತಿವೆ. ಕೂಲಿಯಾಳುಗಳಿಗೆ ಜ್ವರ, ಸೊಂಟ ಮುರಿಯುವ ನೋವು, ಕೆಲವರ ವಸಡಿನಲ್ಲಿ ರಕ್ತ. ಮಳೆಗಾಲ ಬರುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಮಲಗಿದ್ದಾರೆ, ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದಾರೆ.

ರೋಗ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಹಳದಿ ಜ್ವರವೇ ಭಾರತಕ್ಕೆ ಬಂತೆಂಬ ಭೀತಿ ಹುಟ್ಟಿತ್ತು. ಧಾವಿಸಿ ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದೊಡನೆ 1952ರಲ್ಲಿ ಕಟ್ಟಿದ ಸಂಸ್ಥೆ. ಅಮೆರಿಕದ ಟೆಲ್ಫರ್ಡ್ ವರ್ಕ್, ಕೊಲಂಬಿಯಾದ ಹಾರ್ಹೆ ಬೊಶೆಲ್ ಮಲೆನಾಡಿಗೆ ಬಂದರು. ಅವರ ಜೊತೆ ಕಾಡು ಸುತ್ತಿದ ಪಿ.ಕೆ. ರಾಜಗೋಪಾಲನ್ ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ದೇಶಾಂತರದ ಸಹಯೋಗದಿಂದ ನಮಗೆ ದಕ್ಕಿದ ದೊಡ್ಡ ಲಾಭ ಇಂಥ ಮನುಷ್ಯರು ಎಂದೇ ನನ್ನ ನಂಬಿಕೆ. ಕಾಡಿಗೆ ಮೇಯಲು ಹೋಗುವ ದನ ಉಣುಗನ್ನು ಹೇಗೆ ಹೆಚ್ಚಿಸುತ್ತದೆ ಎಂಬುದನ್ನು ಬೊಶೆಲ್ 1969ರಲ್ಲೇ ಬರೆದಿದ್ದರು. ಹದಿಮೂರು ವರ್ಷದ ಮೇಲೂ ನಿಡ್ಲೆಯಲ್ಲಿ ಕೊಡಲಿ ಬೀಸುತ್ತಿದ್ದವರಿಗೆ ಆ ತಿಳಿವು ತಲುಪಿರಲಿಲ್ಲ. ನನ್ನ ಸಂಕಟ ಇದು.

ಊರವರ ಮಾತಿಗೆ ಕಿವಿಗೊಟ್ಟದ್ದು ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್. ಕಾಡು ಕಡಿದದ್ದಕ್ಕೆ ಭೂತಗಳು ಮುನಿದಿವೆ ಎಂದು ಜನ ಹೇಳುತ್ತಿದ್ದರು. ಅದನ್ನವರು ಮೂಢನಂಬಿಕೆಯೆಂದು ತಳ್ಳಿಹಾಕದೆ, 1987ರ ಲೇಖನದಲ್ಲಿ ಮಂಗನ ಕಾಯಿಲೆಯನ್ನು ಅಭಿವೃದ್ಧಿ ತಂದ ರೋಗವೆಂದೇ ಕರೆದರು. ಆಸ್ಪತ್ರೆಗೆ ಯಾರು ಹೋದರು, ಯಾರಿಗೆ ಹೋಗಲಾಗಲಿಲ್ಲ, ಬಡವರೂ ಹೆಂಗಸರೂ ಏನು ಅನುಭವಿಸಿದರು ಎಂದು ಕೇಳಿದರು. ಸಾರ್ವಜನಿಕ ಆರೋಗ್ಯ ಕಲಿಯುವವರು ಉಣುಗಿನ ಜಾತಿ ಗುರುತಿಸುವ ಮೊದಲೇ ಈ ಲೇಖನ ಓದಬೇಕು.

ಇತ್ತೀಚೆಗೆ ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರವು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಸಾರ್ವಜನಿಕ ಆರೋಗ್ಯ ಸಂಸ್ಥೆ, ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ ಮೊದಲಾದವರ ಜೊತೆ ಮಂಗನ ಕಾಯಿಲೆಯ ಅಪಾಯದ ನಕ್ಷೆ ಬರೆಯಿತು. ಪಶುವೈದ್ಯ, ಅರಣ್ಯ, ಆರೋಗ್ಯ ಇಲಾಖೆಗಳವರು ಒಂದೇ ಮೇಜಿಗೆ ಬಂದರು. ಒಳ್ಳೆಯದಾಯಿತು. ಆ ಮೇಜಿನಲ್ಲಿ ಇನ್ನೊಂದು ಕುರ್ಚಿ ಬೇಕು.

ಅದು ಯಾರಿಗೆಂದು ಈ ಕಾಡಂಚಿನಲ್ಲೇ ತೋರುತ್ತದೆ. ಬಂಟ್ವಾಳ, ಮೂಡುಬಿದಿರೆಯ ಕಡೆಯಂತೆ ಇಲ್ಲೂ ಹಟ್ಟಿಗೆ ಸೊಪ್ಪು, ತರಗೆಲೆ ಹಾಸುತ್ತಾರೆ. ಉಣುಗು ಮನೆ ಹೊಗುವುದು ಆ ಹೊರೆಯಲ್ಲೂ. ನಿಮ್ಮ ಜೊತೆ ಬಂದ ಆಶಾ ಕಾರ್ಯಕರ್ತೆ ಯಾವ ಮನೆಯವರು ಯಾವ ಗುಡ್ಡದಿಂದ ಸೊಪ್ಪು ತರುತ್ತಾರೆಂದು ಬೆರಳು ಮಾಡಿ ತೋರಿಸುತ್ತಾಳೆ. ಮಂಗ ಸತ್ತ ಸುದ್ದಿ ಮೊದಲು ತಲುಪುವುದು ಅವಳಿಗೆ. ಸುದ್ದಿ ಬೇಗ ಬಂದರೆ ತಾನೇ ಸತ್ತ ಜಾಗದ ಸುತ್ತ 50 ಅಡಿ ಮದ್ದು ಸಿಂಪಡಿಸಿ, ಆ ಕಡೆ ಹೋಗಬೇಡಿ ಎಂದು ಎಚ್ಚರಿಸಲು ಸಾಧ್ಯ?

ಹುಡುಗ ಸೀಸೆ ಚೀಲಕ್ಕೆ ಇಳಿಸುತ್ತಾನೆ. ಪರೀಕ್ಷೆಯ ಉತ್ತರ ಎಂದು ಬರುತ್ತದೆ, ತನಗೂ ಹೇಳುತ್ತೀರಾ ಎಂದು ಅವಳು ಕೇಳುತ್ತಾಳೆ. ಹುಡುಗ ಅವಳ ಫೋನ್ ನಂಬರ್ ಬರೆದುಕೊಳ್ಳುತ್ತಾನೆ.