ಬೇಡವೆನ್ನುವ ಅಧಿಕಾರ

ನನ್ನ ತಂಗಿಯ ಮಗ ವಿಮಾನಚಾಲಕ. ಈ ಸಂಗತಿಯನ್ನು ಬಸದಿಯಲ್ಲಿ ಭೇಟಿಯಾದವರಿಗೆ ಹೇಳಿದಾಗಲೆಲ್ಲ "ಯಾವ ಕಂಪನಿಯ ವಿಮಾನ?" ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ವಿಮಾನ ಕಂಪನಿಯದಲ್ಲ, ಒಬ್ಬ ಉದ್ಯಮಿಯ ಸ್ವಂತ ವಿಮಾನ ಎಂದರೆ ಕೇಳಿದವರ ಹುಬ್ಬು ಇನ್ನಷ್ಟು ಮೇಲೇರುತ್ತದೆ. ದೊಡ್ಡವರ ಸಹವಾಸ, ದೊಡ್ಡ ಸಂಬಳ, ಸುಖದ ಬದುಕು ಎಂದು ಅವರು ಊಹಿಸಿಕೊಳ್ಳುತ್ತಾರೆ. ನಾನೂ ನಾಲ್ಕು ವರ್ಷ ಹಾಗೆಯೇ ಊಹಿಸಿದ್ದೆ. ಕಳೆದ ಮಾಘಮಾಸದಲ್ಲಿ ಅವನು ಒಂದು ಕಾಗದ ಹಿಡಿದು ಹಾಸನಕ್ಕೆ ಬಂದು, "ಮಾವ, ನೀವು ಲೆಕ್ಕ ಬಲ್ಲವರು, ಇದನ್ನು ತೂಗಿ ಹೇಳಿ" ಎಂದು ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟಾಗಲೇ ಆ ಉದ್ಯೋಗದ ಒಳಗನ್ನು ನಾನು ಕಂಡದ್ದು.

ಕಾಗದದಲ್ಲಿದ್ದ ವಿಷಯ ಇಷ್ಟು. ಅವನು ಆ ವಿಮಾನದಲ್ಲಿ ಇದುವರೆಗೆ ಸಹಚಾಲಕ. ತಿಂಗಳಿಗೆ 1,60,000 ರೂಪಾಯಿ ಸಂಬಳ. ಮುಖ್ಯ ಚಾಲಕರ ಸ್ಥಾನ ತೆರವಾಗಿತ್ತು. ಆ ಸ್ಥಾನವನ್ನು ಒಪ್ಪಿಕೊಂಡರೆ ಸಂಬಳ 3,00,000. ಅದರ ಜೊತೆಗೆ ಅವನ ತರಬೇತಿಯ ಬ್ಯಾಂಕ್ ಸಾಲದಲ್ಲಿ ಉಳಿದಿರುವ 22 ಲಕ್ಷವನ್ನು ಮಾಲೀಕರೇ ಒಮ್ಮೆಗೇ ತೀರಿಸುತ್ತಾರೆ. ಆ ಹಣವನ್ನು ಬಡ್ಡಿಯಿಲ್ಲದೆ ಮೂರು ವರ್ಷಗಳ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ನನ್ನ ತಂಗಿಯ ಸಂತೋಷಕ್ಕೆ ಪಾರವಿರಲಿಲ್ಲ. "ಅಣ್ಣ, ಇಂಥ ಧಣಿ ಯಾರಿಗೆ ಸಿಗುತ್ತಾರೆ?" ಎಂದಳು.

ವಾಣಿಜ್ಯ ಪದವೀಧರನಾದ ನಾನು ಮೊದಲು ಜಮಾಖರ್ಚಿನ ಕಡೆಯಿಂದಲೇ ನೋಡಿದೆ. ನಮ್ಮ ದೇಶದಲ್ಲಿ ವಾಣಿಜ್ಯ ಚಾಲಕನ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅಷ್ಟಕ್ಕೇ ಅವನ ತಂದೆ 45 ಲಕ್ಷ ಸಾಲ ಮಾಡಿದ್ದರು. ಹಾರಾಟದ ದಾಖಲೆಪುಸ್ತಕವನ್ನು ತರಿಸಿ ನೋಡಿದೆ. ಕಳೆದ ವರ್ಷ ಅವನು ಹಾರಿದ್ದು 236 ಗಂಟೆ. ವರ್ಷದ 19,20,000 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಗಂಟೆಗೆ ಎಂಟು ಸಾವಿರಕ್ಕೂ ಮೇಲಾಯಿತು. ಇಷ್ಟು ಲಾಭದ ಸರಕನ್ನು ನನ್ನ ನಲವತ್ತು ವರ್ಷಗಳ ದಿನಸಿ ವ್ಯಾಪಾರದಲ್ಲಿ ನಾನು ಕಂಡಿಲ್ಲವೆಂದು ನಕ್ಕೆ.

"ಹಾರಿದ ಗಂಟೆ ಬಿಡಿ ಮಾವ, ಕಾದ ಗಂಟೆ ಬರೆದುಕೊಳ್ಳಿ" ಎಂದ ಅವನು.

ಬರೆದುಕೊಂಡೆವು. ವರ್ಷದಲ್ಲಿ 190 ದಿನ ಅವನು ಕರೆ ಬಂದು ವಿಮಾನನಿಲ್ದಾಣಕ್ಕೆ ಹೋಗಿದ್ದ. ಬೆಂಗಳೂರಿನಲ್ಲಿ ಪ್ರಯಾಣಿಕರ ವಿಮಾನಗಳು 2008ರಲ್ಲಿ ದೇವನಹಳ್ಳಿಗೆ ಹೋದ ಮೇಲೂ ಖಾಸಗಿ ವಿಮಾನಗಳು ಹಳೆಯ ಎಚ್‌ಎಎಲ್ ನಿಲ್ದಾಣವನ್ನು ಬಳಸುತ್ತ ಬಂದಿವೆ. ಅವನ ವಿಮಾನ ನಿಲ್ಲುವುದೂ ಅಲ್ಲಿಯೇ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗಿ, ಆರಕ್ಕೆ ಧಣಿಯನ್ನು ಹೈದರಾಬಾದಿಗೋ ಬೆಳಗಾವಿಗೋ ಮುಟ್ಟಿಸಿದರೆ, ಅವರ ಸಭೆ ಮುಗಿಯುವವರೆಗೆ ಕಾಯಬೇಕು. ಮೂರು ಗಂಟೆಗೆ ಹೊರಡುತ್ತೇವೆಂದವರು ರಾತ್ರಿ ಎಂಟಕ್ಕೆ ಬಂದದ್ದೂ ಉಂಟು. ದಿನಕ್ಕೆ ಹತ್ತು ಗಂಟೆಯಂತೆ ಹಿಡಿದರೂ 1,900 ಗಂಟೆ. ಎಂಟು ಸಾವಿರದ ದರ ಒಂದು ಸಾವಿರಕ್ಕೆ ಇಳಿಯಿತು. ಮನೆಯಲ್ಲಿ ಚೀಲ ಕಟ್ಟಿಟ್ಟುಕೊಂಡು, ಫೋನು ಹತ್ತಿರವಿಟ್ಟುಕೊಂಡು, ಸೋದರಮಾವನ ಮಗಳ ಮದುವೆಗೂ ಬಾರದೆ ಉಳಿದ ದಿನಗಳು ಈ ಲೆಕ್ಕಕ್ಕೆ ಸೇರಿಲ್ಲ. ಆ ಮದುವೆ ನನ್ನ ಮಗಳದೇ. ಅವನು ಬರಲಿಲ್ಲವೆಂದು ನಾನು ಎರಡು ತಿಂಗಳು ಮುನಿದಿದ್ದೆ.

ತಂಗಿಯ ಕೊರಗು ಬೇರೆ. ರಾತ್ರಿಭೋಜನ ತ್ಯಾಗವನ್ನು ಬಾಲ್ಯದಿಂದ ಪಾಲಿಸಿದ ಹುಡುಗ, ಧಣಿಗಾಗಿ ಕಾಯುತ್ತ ಊಟದ ಹೊತ್ತು ಮೀರಿ ಎಷ್ಟೋ ದಿನ ಉಪವಾಸ ಮಲಗಿದ್ದಾನೆ. ಒಮ್ಮೆ ಅವನು ನನ್ನನ್ನು ಕೇಳಿದ: "25,000 ಅಡಿ ಎತ್ತರದಲ್ಲಿ ಸೂರ್ಯ ನೆಲದ ಮೇಲಿನವರಿಗಿಂತ ಹತ್ತು ನಿಮಿಷ ತಡವಾಗಿ ಮುಳುಗುತ್ತಾನೆ. ಯಾವುದನ್ನು ಅಸ್ತಮಾನವೆಂದು ಹಿಡಿಯಲಿ?" ನಾನು ಅನೇಕ ಸ್ವಾಧ್ಯಾಯ ಗೋಷ್ಠಿಗಳಲ್ಲಿ ಕುಳಿತವನು. ಈ ಶಂಕೆಗೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಹಾಗಾದರೆ ದೊಡ್ಡ ವಿಮಾನ ಕಂಪನಿಗೇ ಏಕೆ ಹೋಗಬಾರದು? ಅಲ್ಲಿ ಹಾರಾಟದ ಗಂಟೆಗಳು ಬೇಗ ಕೂಡುತ್ತವೆ. ಮೇಲಿನ ದರ್ಜೆಯ ಪರವಾನಗಿಗೆ 1,500 ಗಂಟೆ ಬೇಕು. ಇವನ ಬಳಿ ಇರುವುದು 1,140. ಆದರೆ ಆ ದೊಡ್ಡ ವಿಮಾನದ ತರಬೇತಿಯ ವೆಚ್ಚವನ್ನು ಅಭ್ಯರ್ಥಿಯೇ ಭರಿಸಬೇಕೆಂದು ಅವನಿಗೆ ಬಂದ ಕರೆಯಲ್ಲಿತ್ತು. ಎಂದರೆ ಸಾಲದ ಮೇಲೆ ಸಾಲ. ದೊಡ್ಡ ಸಂಸ್ಥೆ ಎಂದ ಮಾತ್ರಕ್ಕೆ ಸ್ಥಿರವೆಂದೂ ಹೇಳಲಾಗದು. ಕಿಂಗ್‌ಫಿಷರ್ 2012ರಲ್ಲಿಯೂ ಜೆಟ್ ಏರ್‌ವೇಸ್ 2019ರಲ್ಲಿಯೂ ಹಾರಾಟ ನಿಲ್ಲಿಸಿದಾಗ ಎಷ್ಟು ಮಂದಿಯ ಸಂಬಳ ಬಾಕಿ ಉಳಿಯಿತೆಂಬುದು ಎಲ್ಲರೂ ಬಲ್ಲ ಸಂಗತಿ.

ಇಷ್ಟರಲ್ಲಿ ನನ್ನ ಲೇಖನಿ ಮಾಲೀಕರ ಕಾಗದದ ಕಡೆಗೇ ವಾಲಿತ್ತು. ಇಪ್ಪತ್ತೆಂಟರ ಹುಡುಗನಿಗೆ ಮುಖ್ಯ ಚಾಲಕನ ಸ್ಥಾನ ನ್ಯಾಯವಾಗಿ ಸಿಗುವುದೇ ಎಂದು ವಿಚಾರಿಸಿದೆ. ವಾಣಿಜ್ಯ ಪರವಾನಗಿಯವರು 5,700 ಕಿಲೋ ತೂಕ ಮೀರದ ವಿಮಾನಕ್ಕೆ ಮುಖ್ಯ ಚಾಲಕರಾಗಬಹುದಂತೆ. ಅವರದು ಕಿಂಗ್ ಏರ್ ಬಿ200, ಎರಡು ಎಂಜಿನ್‌ಗಳದು. ಅದರ ಗರಿಷ್ಠ ತೂಕ 5,670 ಕಿಲೋ. ಮೂವತ್ತು ಕಿಲೋ, ಎಂದರೆ ನಮ್ಮ ಅಂಗಡಿಯ ಒಂದು ಸಣ್ಣ ಮೂಟೆಯಷ್ಟು ಅಂತರದಲ್ಲಿ ನಿಯಮ ಅವನ ಪರವಾಗಿತ್ತು. ಕೊನೆಗೆ, ಕಾಗದ ಮಡಿಸುವಾಗ, ಸಹಜವಾಗಿ ಕೇಳಿದೆ: "ಹಿಂದಿನವರು ಏಕೆ ಬಿಟ್ಟರು?"

ಅವನು ತುಸು ಹೊತ್ತು ಸುಮ್ಮನಿದ್ದ. ಕಳೆದ ಮಳೆಗಾಲದ ಒಂದು ಸಂಜೆ, ತಲುಪಬೇಕಾದ ಊರಿನಲ್ಲಿ ಮೋಡ ತೀರ ಕೆಳಗಿಳಿದಿದೆಯೆಂದು ವರದಿ ಬಂದಾಗ, ಆ ಹಿರಿಯರು "ಇಂದು ಹೊರಡುವುದಿಲ್ಲ" ಎಂದರಂತೆ. ಹಾರುವುದೋ ಬಿಡುವುದೋ ಎಂಬ ನಿರ್ಧಾರ ನಿಯಮದ ಪ್ರಕಾರ ಮುಖ್ಯ ಚಾಲಕನದೇ. ಮಾಲೀಕರು ಎದುರಾಡಲಿಲ್ಲ. ಅಂದಿನಿಂದ ಅವರೊಡನೆ ಮಾತು ಕಡಿಮೆಯಾಯಿತು. ಡಿಸೆಂಬರಿನಲ್ಲಿ ಕರಾರು ನವೀಕರಣವಾಗಲಿಲ್ಲ.

2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಮೇಲೆದ್ದ ಸಣ್ಣ ವಿಮಾನ ಬಿದ್ದು ನಟಿ ಸೌಂದರ್ಯ ಮತ್ತು ಅವರ ಅಣ್ಣ ತೀರಿಕೊಂಡದ್ದನ್ನು ಕನ್ನಡಿಗರು ಮರೆತಿಲ್ಲ. 2001ರ ಸೆಪ್ಟೆಂಬರ್ 30ರಂದು ಮೈನ್‌ಪುರಿಯ ಬಳಿ ಮಾಧವರಾವ್ ಸಿಂಧಿಯಾ ಸಹಿತ ಎಂಟು ಮಂದಿ ಮೃತರಾದ ವಿಮಾನವೂ ಕಿಂಗ್ ಏರ್ ಜಾತಿಯದೇ. ಅವುಗಳ ಕಾರಣವನ್ನು ಚರ್ಚಿಸಲು ನಾನು ಅಧಿಕಾರಿಯಲ್ಲ. ಎರಡರಲ್ಲಿಯೂ ಚಾಲಕರೂ ಹೋದರು. ಅವರ ಹೆಸರು ನಮ್ಮ ನೆನಪಿನಲ್ಲಿ ಇಲ್ಲ ಎಂಬುದಷ್ಟೇ ಆ ರಾತ್ರಿ ನನ್ನನ್ನು ಕಾಡಿತು.

ಕಾಡಲು ಇನ್ನೊಂದು ಕಾರಣವಿತ್ತು. ಅದನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ. ಇಪ್ಪತ್ತು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ರಾತ್ರಿ, ಮಂಗಳೂರಿಗೆ ಮೆಣಸಿನ ಲಾರಿ ಹೋಗಬೇಕಾಗಿತ್ತು. ಮಳೆ ಸುರಿಯುತ್ತಿತ್ತು. ಶಿರಾಡಿ ಘಾಟಿಯ ಸ್ಥಿತಿ ನನಗೆ ತಿಳಿಯದ್ದೇನಲ್ಲ. "ಏನಪ್ಪಾ, ಹೋಗುವೆಯಾ?" ಎಂದು ಚಾಲಕನನ್ನು ಕೇಳಿದೆ. ಅವನು ಆಕಾಶ ನೋಡಿದ, ಆಮೇಲೆ ನನ್ನನ್ನು ನೋಡಿದ, "ಹೋಗ್ತೀನಿ ಯಜಮಾನ್ರೇ" ಎಂದ. ಗುಂಡ್ಯಕ್ಕೆ ಮುಂಚೆ ಲಾರಿ ಜಾರಿ ಅವನ ಬಲಗಾಲು ಮುರಿಯಿತು. ಆಸ್ಪತ್ರೆಯ ಖರ್ಚನ್ನೆಲ್ಲ ನಾನೇ ಕೊಟ್ಟೆ, ಊರಿನವರು ನನ್ನನ್ನು ಹೊಗಳಿದರು. ಮಗಳ ಮದುವೆಗೆಂದು ಅವನು ನನ್ನಿಂದ ಮುಂಗಡ ಪಡೆದು ಎರಡೇ ತಿಂಗಳಾಗಿತ್ತೆಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಬಲವಂತ ಮಾಡಿರಲಿಲ್ಲ, ನಿಜ. ಆ ಮುಂಗಡವೇ ನನ್ನ ಪರವಾಗಿ ಬಲವಂತ ಮಾಡಿತ್ತು.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ನಾವೆಲ್ಲ ಬಾಯಿಪಾಠವಾಗಿ ಬಲ್ಲೆವು. ಎತ್ತಿನ ಗಾಡಿಯ ಕಾಲದ ಮಾತೆಂದು ದಾಟಿ ಹೋಗುತ್ತೇವೆ. ನಾನಂತೂ ಎತ್ತಿನ ಬೆನ್ನನ್ನಷ್ಟೇ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಅವನಿಗೆ ಹೇಳಿದೆ: "ಸಂಬಳದ ಮಾತು ಆಮೇಲೆ. ಮೊದಲು ಆ ಹಿರಿಯರನ್ನು ಕಂಡು ಬಾ." ಅವನು ಬೆಂಗಳೂರಿಗೆ ಹೋಗಿ ಕಂಡ. ಅಂದು ಬೇಡವೆನ್ನಲು ಧೈರ್ಯ ಹೇಗೆ ಬಂತೆಂದು ಕೇಳಿದನಂತೆ. ಅವರು ನಕ್ಕು, "ಧೈರ್ಯವೇನಲ್ಲ, ನನ್ನ ಮನೆಯ ಸಾಲ ಆ ಏಪ್ರಿಲ್‌ನಲ್ಲಿ ತೀರಿತ್ತು" ಎಂದರಂತೆ.

ಈ ಮಾತನ್ನು ಕೇಳಿ ತಂಗಿ ಬೇಸರಗೊಂಡಳು. "ಹೆಚ್ಚು ಗಳಿಸಿದರೆ ಪಾಪವೇ, ಅಣ್ಣ? ಆ ಧಣಿ ಒಳ್ಳೆಯವರಲ್ಲವೇ?" ಎಂದಳು. ಗಳಿಕೆ ಪಾಪವಲ್ಲ, ಧಣಿಯೂ ಒಳ್ಳೆಯವರೇ ಇರಬಹುದು. ನಾನೂ ಒಳ್ಳೆಯ ಯಜಮಾನನೆಂದೇ ಹೆಸರಾಗಿದ್ದೆ ಎಂದೆ. ಅವಳಿಗೆ ಲಾರಿಯ ಕಥೆ ಅಂದೇ ಮೊದಲ ಬಾರಿ ತಿಳಿದದ್ದು.

ಸೋದರಳಿಯ ಮಾಲೀಕರಿಗೆ ವಿನಯಪೂರ್ವಕವಾಗಿ ಪತ್ರ ಬರೆದ. ಮುಂಗಡ ಬೇಡ, ಬ್ಯಾಂಕಿನ ಸಾಲ ಬ್ಯಾಂಕಿನಲ್ಲಿಯೇ ಇರಲಿ. ಹವೆಯ ಕಾರಣದಿಂದ ಹಾರಾಟ ನಿರಾಕರಿಸಿದರೆ ಅದು ಕರಾರಿನ ನವೀಕರಣಕ್ಕೆ ಅಡ್ಡಿಯಾಗದೆಂದು ಒಂದು ಸಾಲು ಸೇರಿಸಬೇಕು. ನಾಲ್ಕನೆಯ ದಿನ ದೂರವಾಣಿಯಲ್ಲಿ ಉತ್ತರ ಬಂತು: ಬಾಯಿಮಾತಿನ ಭರವಸೆ ಸಾಲದೇ? ಇವನು ಸಾಲದೆಂದ. ಒಂದು ವಾರದ ಮೇಲೆ ವಾಯುಸೇನೆಯಿಂದ ನಿವೃತ್ತರಾದ ಹಿರಿಯರೊಬ್ಬರನ್ನು ಮುಖ್ಯ ಚಾಲಕರನ್ನಾಗಿ ನೇಮಿಸಿಕೊಂಡರು. ಇವನನ್ನು ತೆಗೆಯಲಿಲ್ಲ. ಬಲಗಡೆಯ ಆಸನದಲ್ಲಿ, ಹಿಂದಿನ ಸಂಬಳದಲ್ಲಿಯೇ ಮುಂದುವರಿದಿದ್ದಾನೆ. ತಿಂಗಳಿಗೆ 70,000 ಸಾಲಕ್ಕೆ ಕಟ್ಟುತ್ತ, ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿದ್ದಾನೆ. ತಂಗಿ ನನ್ನೊಡನೆ ಮೊದಲಿನಂತೆ ಮಾತನಾಡಲು ಇನ್ನೂ ಸ್ವಲ್ಪ ದಿನ ಬೇಕು.

ಯುಗಾದಿಗೆ ಹೊಸ ಲೆಕ್ಕಪುಸ್ತಕ ತೆರೆಯುವಾಗ ಚಾಲಕರ ಮುಂಗಡದ ಪುಟವನ್ನು ನಾನೇ ಬರೆದೆ. ಮೂವರ ಹೆಸರಿದೆ. ಮಳೆಗಾಲಕ್ಕೆ ಇನ್ನು ಎರಡು ತಿಂಗಳು ಉಳಿದಿದೆ; ಅಷ್ಟರೊಳಗೆ ಅವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿಕೊಳ್ಳಬೇಕು.