ಕೊಳವೆಯಲ್ಲಿ ಉಳಿದ ನೀರು

ಮಲೆನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ನೀರಿನ ಭಯವೆಂದರೆ ಮಳೆಯ ಭಯವೇ. ಮೃಗಶಿರೆ ಕಾಲಿಡುವುದಕ್ಕೆ ಮೊದಲೇ ಹೆಂಚು ಕೈಯಾಡಿಸಬೇಕು, ಸೌದೆಯನ್ನು ಕೊಟ್ಟಿಗೆಗೆ ಸೇರಿಸಬೇಕು, ಹಪ್ಪಳ ಸಂಡಿಗೆಗಳನ್ನು ಡಬ್ಬಿಗಳಲ್ಲಿ ಭದ್ರಪಡಿಸಬೇಕು. ಹೊರಗಿನ ನೀರು ಒಳಕ್ಕೆ ಬಾರದಂತೆ ನೋಡಿಕೊಂಡರೆ ನಮ್ಮ ವರ್ಷದ ಸಿದ್ಧತೆ ಮುಗಿಯಿತು. ಒಳಗಿರುವ ನೀರೇ ಮನೆಯನ್ನು ಒಡೆದೀತೆಂಬುದನ್ನು ನಾನು ಕಂಡದ್ದು ನನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ. 2023ರ ಅಕ್ಟೋಬರಿನಲ್ಲಿ, ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿರುವ ನನ್ನ ಮಗನ ಮನೆಯಂಗಳದಲ್ಲಿ.

ಕಂಡದ್ದು ಎಂದೆನೇ ಹೊರತು ತಿಳಿದದ್ದು ಎನ್ನಲಿಲ್ಲ. ತಿಳಿದೇ ಇತ್ತು. ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನಾಗಿದ್ದವನು ನಾನು. ನೀರು ತಣಿಯುತ್ತ ತಣಿಯುತ್ತ 4 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುಗ್ಗುತ್ತದೆ. ಅಲ್ಲಿಂದ ಕೆಳಕ್ಕೆ, ಲೋಕದ ರೀತಿಗೆ ವಿರುದ್ಧವಾಗಿ, ಹಿಗ್ಗುತ್ತದೆ. ಹೆಪ್ಪುಗಟ್ಟಿದಾಗ ನೂರಕ್ಕೆ ಸುಮಾರು 9 ಪಾಲು ಹೆಚ್ಚು ಸ್ಥಳವನ್ನು ಬೇಡುತ್ತದೆ. ಇದನ್ನು ಕರಿಹಲಗೆಯ ಮೇಲೆ ಬರೆದು, ಶೀತದೇಶಗಳಲ್ಲಿ ಕೊಳವೆಗಳು ಒಡೆಯುವುದು ಇದರಿಂದಲೇ ಎಂಬ ವಾಕ್ಯವೊಂದನ್ನು ಸೇರಿಸಿ, ಗಂಟೆ ಹೊಡೆಯುವುದರೊಳಗಾಗಿ ಪಾಠವನ್ನು ಮುಗಿಸುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಒಡೆದ ಕೊಳವೆಯನ್ನು ಅವರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.

ನನ್ನ ಮಗನಲ್ಲಿ ಒಂದು ಟ್ರೇಲರ್ ಇದೆ. ಮೋಟಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗತಕ್ಕ ಗಾಲಿಯ ಮನೆ ಅದು. ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಸ್ನಾನದ ಮೂಲೆ, ಶೌಚಗೃಹ, ಎಲ್ಲವೂ ಅದರಲ್ಲಿ ಅಡಕವಾಗಿವೆ. ಬೇಸಿಗೆಯಲ್ಲಿ ಅವರು ಸುಪೀರಿಯರ್ ಸರೋವರದ ಉತ್ತರದ ದಡದಲ್ಲಿ ಅದನ್ನು ನಿಲ್ಲಿಸಿಕೊಂಡು ವಾರಗಟ್ಟಲೆ ಇದ್ದುಬರುತ್ತಾರೆ. ಆ ವರ್ಷ ನಾನೂ ಹೋಗಿದ್ದೆ; ಸೊಸೆ ಆ ಪುಟ್ಟ ಒಲೆಯ ಮೇಲೆ ಮಾಡಿದ ಸಾರಿನ ರುಚಿಯನ್ನು ಈಗಲೂ ನೆನೆಯುತ್ತೇನೆ. ಅಕ್ಟೋಬರಿನಲ್ಲಿ ಎಲೆಗಳು ಕೆಂಪೇರಿ ಉದುರತೊಡಗಿದವೆಂದರೆ ಈ ಸಂಚಾರ ಮುಗಿದಂತೆ. ಆಮೇಲೆ ಗಾಡಿ ಏಪ್ರಿಲಿನವರೆಗೆ ಬಯಲಿನಲ್ಲಿ ನಿಲ್ಲಬೇಕು. ಆ ಸೀಮೆಯಲ್ಲಿ ಜನವರಿಯ ರಾತ್ರಿಗಳು ಸೊನ್ನೆಗಿಂತ 25, 30 ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ಅಷ್ಟರೊಳಗೆ ಗಾಡಿಯ ಕೊಳವೆಗಳಲ್ಲಿ ನೀರೆಂಬುದು ಉಳಿಯಕೂಡದು.

ಹಿಂದಿನ ವರ್ಷ ಮಗ ಈ ಕೆಲಸವನ್ನು ಒಬ್ಬನೇ, ಆತುರದಲ್ಲಿ ಮಾಡಿದ್ದನಂತೆ. ಗಾಡಿಯ ಹೊರಮೈಯಲ್ಲಿ ಒಂದು ಸಣ್ಣ ಕದವಿದೆ. ಕೆಸರಿನ ಕಾಲು ತೊಳೆಯುವುದಕ್ಕೆಂದು ಅದರೊಳಗೊಂದು ನಲ್ಲಿಯನ್ನಿಟ್ಟಿದ್ದಾರೆ. ಅದೊಂದು ಮರೆತುಹೋಯಿತು. ಚಳಿಗಾಲವೆಲ್ಲ ಯಾವ ಸುಳಿವೂ ಇರಲಿಲ್ಲ. ವಸಂತದಲ್ಲಿ ನೀರು ಬಿಟ್ಟಾಗ ಗೋಡೆಯೊಳಗೆ ಸೋರತೊಡಗಿ, ಯಾರಿಗಾದರೂ ತಿಳಿಯುವುದರೊಳಗೆ ನೆಲದ ಹಲಗೆ ನೆನೆದು ಉಬ್ಬಿತು. ಅದರ ರಿಪೇರಿಗಾದ ಖರ್ಚನ್ನು ಸೊಸೆ ಹೇಳಹೊರಟಳು. ಮಗ ಮಾತು ಬದಲಿಸಿದ. ಒಡೆದ ಆ ವಾಲ್ವನ್ನು ಮಾತ್ರ ಅವನು ಉಪಕರಣಗಳ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಅಂದು ಬೆಳಗ್ಗೆ ಅದನ್ನು ನನ್ನ ಅಂಗೈಯಲ್ಲಿಟ್ಟ. ಮಾಗಿದ ಹಲಸಿನ ತೊಳೆಯಷ್ಟು ಗಾತ್ರ. ಉದ್ದಕ್ಕೂ ಒಂದು ಸೀಳು, ಉಗುರು ಹೊಗುವಷ್ಟು. ಮೂವತ್ತು ವರ್ಷ ಬಾಯಲ್ಲಿ ಹೇಳಿದ ವಾಕ್ಯ ಅಂದು ಕೈಗೆ ಸಿಕ್ಕಿತು.

ಕೆಲಸದ ಕ್ರಮ ಹೀಗೆ. ಹೊಲಸು ನೀರಿನ ತೊಟ್ಟಿಗಳನ್ನು ಕೊನೆಯ ಪ್ರವಾಸದಿಂದ ಹಿಂದಿರುಗುವಾಗಲೇ, ಅದಕ್ಕೆಂದು ಗೊತ್ತುಮಾಡಿದ ಸ್ಥಳದಲ್ಲಿ ಬರಿದುಮಾಡಿದ್ದಾಗಿತ್ತು. ಬಿಸಿನೀರಿನ ಬಾಯ್ಲರನ್ನು ಹಿಂದಿನ ರಾತ್ರಿಯೇ ಆರಿಸಿ ತಣಿಯಲು ಬಿಟ್ಟಿದ್ದ. ಅದು ನಮ್ಮ ಬಚ್ಚಲ ಹಂಡೆಯ ದೂರದ ನಂಟನೆಂದೇ ಹೇಳಬೇಕು. ಆದರೆ ಬಾಯಿ ಮುಚ್ಚಿದ ಹಂಡೆ. ಆದುದರಿಂದ ಮೊದಲು ಮೇಲಿನ ವಾಲ್ವನ್ನೆತ್ತಿ ಒತ್ತಡವನ್ನು ಕಳೆದು, ಆಮೇಲಷ್ಟೇ ಬುಡದ ಬಿರಡೆಯನ್ನು ಬಿಚ್ಚಬೇಕು. ಕ್ರಮ ತಪ್ಪಿದರೆ ಕುದಿನೀರು ಮುಖಕ್ಕೆ ಹಾರುತ್ತದೆ. 6 ಗ್ಯಾಲನ್, ಎಂದರೆ ಸುಮಾರು 23 ಲೀಟರು ನೀರು ಹುಲ್ಲಿನ ಮೇಲೆ ಹರಿದುಹೋಯಿತು. ಅನಂತರ ಕುಡಿಯುವ ನೀರಿನ ತೊಟ್ಟಿ. ಅನಂತರ ಗಾಡಿಯ ಅಡಿಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಎರಡು ಕಿರುದ್ವಾರಗಳು, ಒಂದು ತಣ್ಣೀರಿಗೆ, ಇನ್ನೊಂದು ಬಿಸಿನೀರಿಗೆ.

ಇಷ್ಟರಿಂದ ನೀರೆಲ್ಲ ಹೋಯಿತೆಂದು ನಾನು ಭಾವಿಸಿದೆ. ಮಗ ನಕ್ಕು, ಗಾಳಿ ತುಂಬುವ ಯಂತ್ರವನ್ನು ಜೋಡಿಸಿದ. ಚದರ ಅಂಗುಲಕ್ಕೆ 40 ಪೌಂಡು ಮೀರದಂತೆ ಗಾಳಿಯನ್ನು ಬಿಟ್ಟಾಗ ನಲ್ಲಿಗಳು ಗೂರಲು ಹಿಡಿದ ಮುದುಕರಂತೆ ಕೆಮ್ಮಿ ಕೆಮ್ಮಿ ಉಗುಳಿದವು. ಬಾಗು ಬಳಸುಗಳಲ್ಲಿ ಅಡಗಿದ್ದ ನೀರಿಗೆ ಲೆಕ್ಕವೇ ಇರಲಿಲ್ಲ.

ಕೊನೆಗೆ ಗುಲಾಬಿ ಬಣ್ಣದ ದ್ರವ. ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ ಆಂಟಿಫ್ರೀಜ್ ಎಂಬುದು ಇದೇ. ಮೋಟಾರಿನ ರೇಡಿಯೇಟರಿಗೆ ಸಾಮಾನ್ಯವಾಗಿ ಹಾಕುವ ಎಥಿಲೀನ್ ಗ್ಲೈಕಾಲ್ ಘೋರ ವಿಷ. ಕುಡಿಯುವ ನೀರಿನ ಕೊಳವೆಯ ಬಳಿಗೂ ಅದನ್ನು ತರಕೂಡದು. ಗುಲಾಬಿಯ ದ್ರವ ಕಡುಶೀತದಲ್ಲಿ ಗಂಜಿಯಂತೆ ಮಂದವಾಗುವುದೇ ಹೊರತು ಕೊಳವೆಯನ್ನು ಒಡೆಯುವಂತೆ ಗಟ್ಟಿಯಾಗುವುದಿಲ್ಲ. ಅದು ಬಾಯ್ಲರಿನೊಳಕ್ಕೆ ಹೊಕ್ಕು ವ್ಯರ್ಥವಾಗದಂತೆ ಒಂದು ವಾಲ್ವನ್ನು ತಿರುಗಿಸಿ, ಪಂಪಿನ ಕೊಳವೆಯನ್ನು ನೇರವಾಗಿ ಡಬ್ಬಿಯಲ್ಲಿ ಅದ್ದಿದ. ಮೂರು ಗ್ಯಾಲನಿನೊಳಗೆ ಇಡೀ ಗಾಡಿಗೆ ಸಾಕು. ಅವನು ಪಂಪಿನ ಬಳಿ, ನಾನು ನಲ್ಲಿಗಳ ಬಳಿ.

"ಯಾವ ಬಣ್ಣ, ಅಪ್ಪಯ್ಯ?"

"ಇನ್ನೂ ನೀರೇ ಕಣೋ. ಇದೋ, ಗುಲಾಬಿ ಬಂತು."

"ಹಾಗಾದರೆ ಮುಚ್ಚಿ. ಈಗ ಬಿಸಿನೀರಿನದು."

ಹೀಗೆ ಅಡಿಗೆಯ ಮೂಲೆ, ಸ್ನಾನದ ಮೂಲೆ, ಶೌಚಗೃಹ ಮುಗಿದವು. ದುರ್ವಾಸನೆಯನ್ನು ತಡೆಯಲು ಸದಾ ನೀರು ನಿಲ್ಲುವಂತೆ ಬಾಗಿಸಿದ ಬಚ್ಚಲ ಕೊಳವೆಗಳಿಗೂ ಒಂದೊಂದು ಲೋಟ ದ್ರವವನ್ನು ಸುರಿದೆವು. ಉಳಿದದ್ದು ಹೊರಗಿನ ನಲ್ಲಿ ಒಂದೇ. ಇಬ್ಬರೂ ಅಲ್ಲಿಗೆ ಹೋದೆವು.

"ಹೆಪ್ಪುಗಟ್ಟಿದ ಜಾಗದಲ್ಲಿಯೇ ಒಡೆಯಬೇಕೆಂದೇನೂ ಇಲ್ಲ, ಅಪ್ಪಯ್ಯ," ಎಂದ ಮಗ, ಕದವನ್ನು ತೆರೆಯುತ್ತ. "ಕೊಳವೆಯೊಳಗೆ ಮಂಜುಗಡ್ಡೆ ಬೆಳೆಯುತ್ತ ಬೆಳೆಯುತ್ತ ಇನ್ನೂ ನೀರಾಗಿಯೇ ಇರುವುದನ್ನು ಮುಚ್ಚಿದ ನಲ್ಲಿಯ ಕಡೆಗೆ ನೂಕುತ್ತದೆ. ಆ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡವೇರಿ, ಎಲ್ಲಿ ಬಲ ಕಡಮೆಯೋ ಅಲ್ಲಿ ಸೀಳುತ್ತದೆ."

ಇದನ್ನು ನಾನು ಎಂದೂ ಪಾಠದಲ್ಲಿ ಹೇಳಿರಲಿಲ್ಲ, ನನಗೇ ತಿಳಿದಿರಲಿಲ್ಲ. ಆ ಸೀಳನ್ನು ಬೆರಳಿನಿಂದ ಸವರುತ್ತ ನಿಂತವನಿಗೆ ಬೇರೊಂದು ನೆನಪು ಬಂದಿತು. ಸುಮಾರು ಮೂವತ್ತು ವರ್ಷದ ಹಿಂದೆ, ಎಂಟನೆಯ ತರಗತಿಯಲ್ಲಿ, ಇವನು ನನ್ನ ಶಿಷ್ಯನೇ ಆಗಿದ್ದ. ಈ ಪಾಠವಾದ ಸಂಜೆ ನನ್ನ ಮೇಜಿನ ಮೇಲಿನ ಮಸಿಯ ಶೀಸೆಯನ್ನು ತೊಳೆದು, ನೀರನ್ನು ಅಂಚಿನವರೆಗೆ ತುಂಬಿ, ಮುಚ್ಚಳವನ್ನು ಬಿಗಿದು, ನೆರೆಮನೆಯವರ ಫ್ರಿಜ್ಜಿನಲ್ಲಿ ಮಂಜುಗಡ್ಡೆ ಕಟ್ಟುವ ಅರೆಯೊಳಗೆ ಇಟ್ಟುಬಂದಿದ್ದ. ನಮ್ಮ ಬೀದಿಗೆಲ್ಲ ಅದೊಂದೇ ಫ್ರಿಜ್ಜು. ಬೆಳಗ್ಗೆ ಒಳಗೆಲ್ಲ ಗಾಜಿನ ಚೂರು. ಆ ಮನೆಯಾಕೆ ನಗುತ್ತಲೇ ಬಂದು ಹೇಳಿದರು. ನನಗೆ ಮಾತ್ರ ಮಾನ ಹೋದಂತಾಯಿತು. ರೂಲುದೊಣ್ಣೆಯಿಂದ ಅಂಗೈ ಬಾತುಕೊಳ್ಳುವಂತೆ ಹೊಡೆದೆ. ಊರ ಮಕ್ಕಳಿಗೆಲ್ಲ "ಏಕೆ ಎಂದು ಕೇಳಿ" ಎಂದು ಹೇಳುತ್ತಿದ್ದ ಉಪಾಧ್ಯಾಯ, ನನ್ನ ಮಗ ಹಾಗೇಕೆ ಮಾಡಿದನೆಂದು ಕೇಳಲಿಲ್ಲ. ಅವನು ಆಮೇಲೆ ನನ್ನ ಮುಂದೆ ಪ್ರಶ್ನೆಗಳನ್ನು ತರುವುದನ್ನು ಬಿಟ್ಟ. ಅದು ವಿನಯವೆಂದು ನಾನು ಬಹುಕಾಲ ಹೆಮ್ಮೆಪಟ್ಟುಕೊಂಡಿದ್ದೆ.

"ಆ ಮಸಿಯ ಶೀಸೆ ನಿನಗೆ ನೆನಪಿದೆಯೇನೋ?" ಎಂದೆ.

ಅವನು ನಲ್ಲಿಯನ್ನು ತಿರುಗಿಸುತ್ತಿದ್ದವನು ನಿಲ್ಲಿಸಿದ. "ಇದೆ," ಎಂದ.

"ತಪ್ಪು ನನ್ನದು. ಪಾಠವನ್ನು ಆ ತರಗತಿಯಲ್ಲಿ ಕಲಿತವನು ನೀನೊಬ್ಬನೇ. ನಿನ್ನನ್ನೇ ಹೊಡೆದೆ."

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಪಂಪು ಗುಡುಗುಡು ಎನ್ನುತ್ತಿತ್ತು. ಆಮೇಲೆ, ನನ್ನ ಮುಖವನ್ನು ನೋಡದೆಯೇ ಹೇಳಿದ: "ಶೀಸೆ ಒಡೆದದ್ದನ್ನು ನಾನು ನೋಡಲೇ ಇಲ್ಲ, ಅಪ್ಪಯ್ಯ. ನಾನು ಹೋಗುವುದರೊಳಗೆ ಚೂರುಗಳನ್ನು ಗುಡಿಸಿಬಿಟ್ಟಿದ್ದರು. ಹೇಗೆ ಸೀಳಿತ್ತು ಎಂದು ಯಾರನ್ನು ಕೇಳಲೂ ಧೈರ್ಯವಾಗಲಿಲ್ಲ."

ನಲ್ಲಿಯಿಂದ ಮೊದಲು ಗಾಳಿ ಬಂದಿತು, ಆಮೇಲೆ ಒಂದಿಷ್ಟು ನೀರು, ಆಮೇಲೆ ಗುಲಾಬಿ. ತಣ್ಣೀರಿನದಾದ ಮೇಲೆ ಬಿಸಿನೀರಿನದನ್ನೂ ನಾನೇ ತಿರುಗಿಸಿ ನೋಡಿದೆ. ಅವನು "ಸಾಕು" ಎಂದ ಮೇಲೂ ಇನ್ನೊಂದು ಗಳಿಗೆ ಬಿಟ್ಟಿದ್ದೆ.

ಒಡೆದ ಆ ವಾಲ್ವನ್ನು ಮಗನಿಂದ ಕೇಳಿಕೊಂಡು ಊರಿಗೆ ತಂದೆ. ನಾನಿದ್ದ ಶಾಲೆಯಲ್ಲಿ ಈಗ ವಿಜ್ಞಾನವನ್ನು ಕಲಿಸುತ್ತಿರುವ ತರುಣರ ಕೈಗೆ ಅದನ್ನು ಕೊಟ್ಟಿದ್ದೇನೆ. ಆ ಪಾಠದ ದಿನ ಅದು ಬೆಂಚಿನಿಂದ ಬೆಂಚಿಗೆ ಹೋಗುತ್ತದೆಯಂತೆ. ಮಕ್ಕಳು ಸೀಳಿನೊಳಗೆ ಉಗುರು ತೂರಿಸಿ ನೋಡಿ, ಏನೇನೋ ಪ್ರಶ್ನೆಗಳನ್ನು ಕೇಳಿ, ಗಂಟೆ ಹೊಡೆದರೂ ಪಾಠ ಮುಗಿಯಗೊಡುವುದಿಲ್ಲವೆಂದು ಅವರು ದೂರುತ್ತಾರೆ. ಅದನ್ನು ಮಗನಿಗೆ ಕಾಗದದಲ್ಲಿ ಬರೆದಿದ್ದೇನೆ.