ಓಡುವ ಊರಿನ ಮೇಷ್ಟರು

ಹೊಸ ಊರಿಗೆ ಬಂದ ಉಪಾಧ್ಯಾಯನಿಗೆ ಮೊದಲು ಎದುರಾಗುವ ಪರೀಕ್ಷೆ ಹಾಜರಿಪುಸ್ತಕ. ಮನೆ ಎರಡು ವಾರ ತಡವಾಗಿ ಸಿಕ್ಕರೂ ನಡೆದೀತು. ಊಟ ಒಗ್ಗದಿದ್ದರೂ ತಿಂಗಳೊಪ್ಪತ್ತು ತಳ್ಳಬಹುದು. ಆದರೆ ನಲವತ್ತು ಮಕ್ಕಳ ಹೆಸರನ್ನು ತಪ್ಪಿಲ್ಲದೆ ಕೂಗಲಾರದವನನ್ನು ಯಾವ ತರಗತಿಯೂ ತನ್ನವನೆಂದು ಒಪ್ಪಿಕೊಳ್ಳುವುದಿಲ್ಲ. ಹಿಂದಿನ ಬೆಂಚಿನಿಂದ ಒಂದು ಕಿಸಕ್ಕೆನ್ನುವ ನಗೆ ಎದ್ದಿತೆಂದರೆ ಅಂದಿನ ಪಾಠ ಮುಗಿದಂತೆಯೇ.

ಪೂರ್ವ ಆಫ್ರಿಕದ ಕೀನ್ಯಾ ದೇಶದಲ್ಲಿ, ಪಶ್ಚಿಮದ ಬೆಟ್ಟಸೀಮೆಯ ಕಲೆಂಜಿನ್ ಜನರ ಹೆಸರುಗಳಂತೂ ಹೊರಗಿನವನ ಕಿವಿಗೆ ಒಂದೇ ಅಚ್ಚಿನಿಂದ ತೆಗೆದಂತೆ ಕೇಳಿಸುತ್ತವೆ. ಗಂಡುಮಕ್ಕಳ ಹೆಸರಿನ ಮೊದಲಿಗೆ ‘ಕಿಪ್’, ಹೆಣ್ಣುಮಕ್ಕಳದಕ್ಕೆ ‘ಚೆಪ್’ ಅಥವಾ ‘ಜೆಪ್’. ಮಳೆ ಸುರಿಯುವಾಗ ಹುಟ್ಟಿದವನು ಕಿಪ್ರೊಪ್. ಸಂಜೆ ಆಡುಕುರಿಗಳು ಹಟ್ಟಿಗೆ ಮರಳುವ ಹೊತ್ತಿನಲ್ಲಿ ಹುಟ್ಟಿದವನು ಕಿಪ್ರೋನೊ. ಹಾಜರಿ ಕೂಗುವ ಮೇಷ್ಟರು ತಮಗರಿವಿಲ್ಲದೆಯೇ ಆ ನಾಡಿನ ಮಳೆಯನ್ನೂ ಸಂಜೆಯನ್ನೂ ಹೆಸರು ಹಿಡಿದು ಕೂಗುತ್ತಿರುತ್ತಾರೆ.

1976ರಲ್ಲಿ ಇಂಥದೊಂದು ಹಾಜರಿಪುಸ್ತಕ ಐರ್ಲೆಂಡಿನ ಕಾಲಮ್ ಓಕಾನೆಲ್ ಅವರ ಕೈಗೆ ಬಂದಿತು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಪೇಟ್ರಿಶಿಯನ್ ಬ್ರದರುಗಳೆಂಬ ಕ್ಯಾಥೊಲಿಕ್ ಸಂಘಕ್ಕೆ ಸೇರಿದವರು. ಪಾದ್ರಿಗಳಲ್ಲ, ಮದುವೆಯಾಗದೆ ಪಾಠ ಹೇಳುವುದನ್ನೇ ವ್ರತವಾಗಿ ಹಿಡಿದವರು. ಮದರಾಸಿನ ಅಡ್ಯಾರಿನಲ್ಲಿರುವ ಸೇಂಟ್ ಪ್ಯಾಟ್ರಿಕ್ಸ್ ಶಾಲೆಯನ್ನು ಬಲ್ಲ ಓದುಗರಿಗೆ ಈ ಸಂಘದ ಪರಿಚಯವಿರಬಹುದು. ಕಾಲಮ್ ಅವರು ಹೋದುದು ಅದೇ ಸಂತನ ಹೆಸರಿನ ಬೇರೊಂದು ಶಾಲೆಗೆ, ಇಟೆನ್ ಎಂಬ ಪುಟ್ಟ ಊರಿನಲ್ಲಿದ್ದ ಗಂಡುಮಕ್ಕಳ ಪ್ರೌಢಶಾಲೆಗೆ. ಹೇಳಬೇಕಾದ ಪಾಠ ಭೂಗೋಳ. ಸ್ವಲ್ಪ ಕಾಲ ಇದ್ದು ಹಿಂದಿರುಗುವುದೆಂದು ಎಣಿಸಿ ಹೊರಟಿದ್ದರು.

ಇಟೆನ್ ಇರುವುದು ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ, ಒಂದು ಮಹಾ ಕಡಿದಾದ ಅಂಚಿನ ಮೇಲೆ. ಅಂಚಿನಲ್ಲಿ ನಿಂತು ಬಗ್ಗಿ ನೋಡಿದರೆ ಸಾವಿರ ಮೀಟರಿಗೂ ಹೆಚ್ಚು ಕೆಳಗೆ ಕೆರಿಯೊ ಕಣಿವೆ, ಬಿಸಿಲಿನ ಮಬ್ಬಿನಲ್ಲಿ ಮಲಗಿರುತ್ತದೆ. ಭೂಮಿಯೇ ಬಿರಿದು ಕುಸಿದ ಆ ಬೃಹತ್ ಕಣಿವೆಯ ಚಿತ್ರ ಎಲ್ಲ ದೇಶಗಳ ಭೂಗೋಳದ ಪುಸ್ತಕಗಳಲ್ಲಿಯೂ ಇದೆ; ಇಲ್ಲಿ ಅದನ್ನು ಕಾಣಲು ಪುಸ್ತಕವೇ ಬೇಕಿರಲಿಲ್ಲ. ಆದರೆ ಅಲ್ಲಿಯ ಗಾಳಿ ತೆಳು. ಸಮುದ್ರತೀರದಲ್ಲಿರುವ ಒತ್ತಡದ ಮುಕ್ಕಾಲು ಪಾಲು ಮಾತ್ರ. ಹೊಸಬನು ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತದೆ. ಅದೇ ಗಾಳಿಯಲ್ಲಿ ಅಲ್ಲಿಯ ಮಕ್ಕಳು ಕೆಂಪು ಮಣ್ಣಿನ ಹಾದಿಗಳ ಮೇಲೆ ಮಾತನಾಡುತ್ತಲೇ ಓಡುತ್ತಾರೆ. ಬೇಸಗೆಯಲ್ಲಿ ಹತ್ತು ಗಂಟೆಯ ರಾತ್ರಿಯವರೆಗೂ ಬೆಳಕಿರುವ ದೇಶದಿಂದ ಬಂದವರಿಗೆ, ವರ್ಷವಿಡೀ ಒಂದೇ ಹೊತ್ತಿಗೆ ಕತ್ತಲಾಗುವ ಸಮಭಾಜಕ ವೃತ್ತದ ಸಂಜೆಗಳೂ ಹೊಸವೇ. ಉಗಾಲಿ ಎಂಬ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಸೊಪ್ಪು, ಹಾಲು ಹಾಕಿ ಕುದಿಸಿದ ಚಹಾ, ಇವು ಅಲ್ಲಿಯ ಊಟ. ಮುದ್ದೆ ಉಂಡು ಬೆಳೆದವರಿಗೆ ಇದರಲ್ಲಿ ಕಷ್ಟವೇನೂ ಕಾಣದು. ಆಲೂಗೆಡ್ಡೆಯ ನಾಡಿನವರಿಗೆ ಹೇಗಿತ್ತೋ!

ಆ ಶಾಲೆಯಲ್ಲಿ ಓಟದ ಅಭ್ಯಾಸ ಮಾಡಿಸುತ್ತಿದ್ದವರು ಪೀಟರ್ ಫಾಸ್ಟರ್ ಎಂಬ ಇಂಗ್ಲಿಷ್ ಉಪಾಧ್ಯಾಯರು. ಅದೇ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟದಲ್ಲಿ ಕಂಚು ಗೆದ್ದ ಬ್ರೆಂಡನ್ ಫಾಸ್ಟರ್ ಇವರ ಸಹೋದರ. ವಿಚಿತ್ರವೆಂದರೆ ಆ ಕೂಟದಲ್ಲಿ ಕೀನ್ಯಾದವನೊಬ್ಬನೂ ಓಡಲಿಲ್ಲ. ವರ್ಣಭೇದದ ದಕ್ಷಿಣ ಆಫ್ರಿಕದೊಡನೆ ರಗ್ಬಿ ಆಡಿದ ನ್ಯೂಜಿಲೆಂಡನ್ನು ಹೊರಗಿಡಲಿಲ್ಲವೆಂದು ಆಫ್ರಿಕದ ಅನೇಕ ದೇಶಗಳು ಕೂಟವನ್ನು ಬಹಿಷ್ಕರಿಸಿದ್ದವು. ಫಾಸ್ಟರರ ನೆರವಿಗೆಂದು ಕಾಲಮ್ ಮೈದಾನಕ್ಕಿಳಿದರು. ಕೆಲಕಾಲದಲ್ಲೇ ಫಾಸ್ಟರರು ತಾಯ್ನಾಡಿಗೆ ಮರಳಿದರು. ಮೈದಾನ ಕಾಲಮ್ ಅವರ ಪಾಲಿಗೆ ಉಳಿಯಿತು.

ಅವರಾದರೋ ಓಟಗಾರರಲ್ಲ. ಓಟದ ಶಾಸ್ತ್ರವನ್ನು ಎಲ್ಲಿಯೂ ಕಲಿತವರಲ್ಲ. ಗೊತ್ತಿಲ್ಲದ ವಿಷಯವನ್ನು ಬೋಧಿಸಬೇಕಾದ ಸಂಕಟ ಉಪಾಧ್ಯಾಯರಿಗೆ ಅಪರೂಪವಲ್ಲ. ಹೆಚ್ಚಿನವರು ಅಂಥ ಹೊತ್ತಿನಲ್ಲಿ ದನಿ ಏರಿಸುತ್ತಾರೆ, ಇಲ್ಲವೇ ಹಿಂದಿನ ರಾತ್ರಿ ಓದಿದ ಎರಡು ಪುಟಗಳನ್ನು ಒಂದು ಗಂಟೆಯವರೆಗೆ ಎಳೆಯುತ್ತಾರೆ. ಕಾಲಮ್ ಹಿಡಿದದ್ದು ಮೂರನೆಯ ದಾರಿ. ಹುಡುಗರನ್ನೇ ಕೇಳಿದರು, ನಿಂತು ನೋಡಿದರು. ಯಾವನ ಭುಜ ಬಿಗಿಯುತ್ತದೆ, ಯಾವನ ಕೈ ಎದೆಗಡ್ಡವಾಗಿ ಬೀಸುತ್ತದೆ, ಯಾವನು ದಣಿದಾಗ ಕುತ್ತಿಗೆ ಹಿಂದಕ್ಕೆ ಚೆಲ್ಲುತ್ತಾನೆ ಎಂಬುದನ್ನು ದಿನವೂ ಗಮನಿಸಿದರು. ಮುಂದೆ ಅವರು ರೂಪಿಸಿಕೊಂಡ ಬೋಧನೆಯೆಲ್ಲ ಈ ನೋಟದಿಂದಲೇ ಹುಟ್ಟಿದ್ದು: ಚೆದುರದ ಗಮನ, ನೆಟ್ಟಗಿನ ಮೈ, ಅಲುಗದ ನಡು, ತಪ್ಪದ ಲಯ. ನಾಲ್ಕು ಮಾತು ಹೇಳಲು ಸುಲಭ. ನಾಲ್ಕನ್ನೂ ಕಾಣುವ ಕಣ್ಣು ಬರಲು ಎಷ್ಟು ಮುಂಜಾವುಗಳು ಬೇಕಾದುವೋ! ಆ ಊರಿನ ಮುಂಜಾನೆಯ ಓಟವೋ ನಡಿಗೆಯಷ್ಟೇ ನಿಧಾನವಾಗಿ ತೊಡಗುವುದು. ಸ್ವಾಹಿಲಿಯಲ್ಲಿ ‘ಪೋಲೆ ಪೋಲೆ’ ಎಂದರೆ ಮೆಲ್ಲ ಮೆಲ್ಲಗೆ. ಮೈ ತಾನಾಗಿ ಕಾವೇರಿದ ಮೇಲೆ ವೇಗ ಏರುತ್ತದೆ. ಅಲ್ಲಿಯವರೆಗೆ ಯಾರಿಗೂ ಅವಸರವಿಲ್ಲ.

ಇಲ್ಲೊಂದು ಮಾತನ್ನು ಮರೆಮಾಚಬಾರದು. ಬಿಳಿಯ ಗುರು ಬಂದು ಕರಿಯ ಶಿಷ್ಯರನ್ನು ಉದ್ಧರಿಸಿದನೆಂಬ ಕಥೆ ಪಶ್ಚಿಮದ ಪತ್ರಿಕೆಗಳಿಗೆ ಬಹು ರುಚಿ. ಆ ಕಥೆ ನಿಜವಲ್ಲ. ಕಲೆಂಜಿನ್ ಜನರೇ ಆದ ಕಿಪ್ಚೋಗೆ ಕೀನೊ 1968ರಲ್ಲಿ, ಮೆಕ್ಸಿಕೊದಲ್ಲಿ 1,500 ಮೀಟರಿನ ಚಿನ್ನ ಗೆದ್ದಾಗ ಕಾಲಮ್ ಅವರು ಆ ದೇಶವನ್ನು ಕಂಡಿರಲೂ ಇಲ್ಲ. ಓಟ ಅಲ್ಲಿ ಮೊದಲೇ ಇತ್ತು. ಹಾಗೆಂದು ಮೇಷ್ಟರು ಏನೂ ಮಾಡಲಿಲ್ಲವೆನ್ನುವುದೂ ಸಲ್ಲದು. ಇದ್ದುದನ್ನು ಕೆಡಿಸದೆ ಬೆಳೆಯಗೊಡುವುದು ಎಷ್ಟು ಕಷ್ಟವೆಂಬುದನ್ನು ತರಗತಿಯೊಳಗೆ ನಿಂತವರೇ ಬಲ್ಲರು.

1988ರಲ್ಲಿ, ಸೋಲ್ ನಗರದ ಒಲಿಂಪಿಕ್ಸ್‌ನಲ್ಲಿ, ಅವರ ವಿದ್ಯಾರ್ಥಿ ಪೀಟರ್ ರೋನೊ ಇಪ್ಪತ್ತೊಂದನೆಯ ವಯಸ್ಸಿನಲ್ಲಿ 1,500 ಮೀಟರಿನ ಚಿನ್ನ ಗೆದ್ದನು. ಅದೇ ಶಾಲೆಯ ಇಬ್ರಾಹಿಂ ಹುಸೇನ್ 1987ರಲ್ಲಿ ನ್ಯೂಯಾರ್ಕಿನ, ಮರುವರ್ಷ ಬಾಸ್ಟನ್ನಿನ ಮ್ಯಾರಥಾನ್ ಗೆದ್ದಿದ್ದನು. ಮೊದಮೊದಲು ಗಂಡುಹುಡುಗರಿಗೇ ಸೀಮಿತವಾಗಿದ್ದ ಈ ಅಭ್ಯಾಸ, 1989ರಿಂದ ಅವರು ರಜೆಯ ಶಿಬಿರಗಳನ್ನು ತೊಡಗಿದ ಮೇಲೆ ಹೆಣ್ಣುಮಕ್ಕಳಿಗೂ ದೊರೆಯಿತು. ಅಂಥ ಶಿಬಿರದಲ್ಲಿ ಕಲಿತ ಜಾನೆತ್ ಜೆಪ್ಕೊಸ್ಗೈ 2007ರಲ್ಲಿ ಒಸಾಕದಲ್ಲಿ 800 ಮೀಟರಿನ ವಿಶ್ವವಿಜೇತೆಯಾದಳು.

ಆದರೆ ಈ ಕಥೆಯ ತಿರುಳು ಇರುವುದು ಇನ್ನೊಬ್ಬನಲ್ಲಿ. ವಿಲ್ಸನ್ ಕಿಪ್ಕೆಟರ್ ಎಂಬ ಹುಡುಗ ಅದೇ ಶಾಲೆಯಲ್ಲಿ ಓದಿ, 1990ರಲ್ಲಿ ಎಂಜಿನಿಯರಿಂಗ್ ವಿದ್ಯಾಭ್ಯಾಸಕ್ಕೆಂದು ಡೆನ್ಮಾರ್ಕಿಗೆ ಹೋದನು. ಮೇಷ್ಟರು ಉತ್ತರದಿಂದ ಬಂದ ದಾರಿಯಲ್ಲೇ ಶಿಷ್ಯ ಉತ್ತರಕ್ಕೆ ಹೋದಂತಾಯಿತು. ಅವನೂ ಅಲ್ಲಿಯೇ ನಿಂತುಬಿಟ್ಟನು. ಡೆನ್ಮಾರ್ಕಿನ ಪೌರತ್ವ ಇನ್ನೂ ಕೈಸೇರಿರದ ಕಾರಣ, ತನ್ನ ಶಕ್ತಿಯ ಉತ್ತುಂಗದಲ್ಲಿದ್ದ 1996ರಲ್ಲಿ ಅಟ್ಲಾಂಟದ ಒಲಿಂಪಿಕ್ಸ್‌ನಲ್ಲಿ ಓಡಲಾರದೆ ಹೋದನು. ಪರದೇಶವಾಸದ ಬೆಲೆ ಏನೆಂಬುದನ್ನು ಹೀಗೆ ಕಂಡವರು ಕಡಮೆ. ಮರುವರ್ಷ, ಇಂಗ್ಲೆಂಡಿನ ಸೆಬಾಸ್ಟಿಯನ್ ಕೋ 1981ರಿಂದ ಕಾಯ್ದುಕೊಂಡಿದ್ದ 800 ಮೀಟರಿನ ವಿಶ್ವದಾಖಲೆಯನ್ನು ಮುರಿದು, ಕಡೆಗೆ 1 ನಿಮಿಷ 41.11 ಸೆಕೆಂಡಿಗೆ ತಂದು ನಿಲ್ಲಿಸಿದನು. ಆ ದಾಖಲೆ ಹದಿಮೂರು ವರ್ಷ ಅಲುಗಲಿಲ್ಲ.

ಅಲುಗಿಸಿದವನು ಮತ್ತೆ ಇಟೆನ್‌ನ ಇದೇ ಮೇಷ್ಟರ ಇನ್ನೊಬ್ಬ ಶಿಷ್ಯ, ಮಸಾಯಿ ಕುಲದ ಡೇವಿಡ್ ರುಡಿಶ. ಅವನ ತಂದೆ ಡೇನಿಯಲ್ 1968ರ ಒಲಿಂಪಿಕ್ಸ್‌ನ ರಿಲೇ ಓಟದಲ್ಲಿ ಬೆಳ್ಳಿ ಗೆದ್ದವರು. ಹುಡುಗನಿಗೆ ತಂದೆಯ 400 ಮೀಟರಿನ ಮೇಲೆಯೇ ಕಣ್ಣು. 800ರ ಕಡೆ ತಿರುಗಿಸಿದವರು ಕಾಲಮ್. 2010ರಲ್ಲಿ ಬರ್ಲಿನ್ನಿನಲ್ಲಿ ಅವನು ತೆಗೆದುಕೊಂಡ ಕಾಲ 1 ನಿಮಿಷ 41.09 ಸೆಕೆಂಡು. ಇಬ್ಬರ ನಡುವೆ ಸೆಕೆಂಡಿನ ನೂರರಲ್ಲಿ ಎರಡು ಭಾಗ! 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅದನ್ನು 1 ನಿಮಿಷ 40.91 ಸೆಕೆಂಡಿಗೆ ಇಳಿಸಿ ಚಿನ್ನ ಗೆದ್ದನು. ಒಬ್ಬ ಶಿಷ್ಯನ ದಾಖಲೆಯನ್ನು ಇನ್ನೊಬ್ಬ ಶಿಷ್ಯ ಅಳಿಸಿದ ದಿನ ಮೇಷ್ಟರಾದವರಿಗೆ ಏನೆನ್ನಿಸಬೇಕು? ಹಿರಿಯ ಮಗನ ಅಂಗಿ ಕಿರಿಯವನಿಗೆ ಸರಿಯಾಗಿ ಹಿಡಿಸಿದಾಗ ತಾಯಿಗೆ ಆಗುವಂಥ, ನಗುವೂ ನಿಟ್ಟುಸಿರೂ ಕೂಡಿದ ಏನೋ ಒಂದು ಇರಬೇಕು.

ಭೂಗೋಳದ ಪಾಠ, ಮುಖ್ಯೋಪಾಧ್ಯಾಯನ ಹೊಣೆ ಎಲ್ಲ ಕಳೆದ ಮೇಲೂ ಕಾಲಮ್ ಅವರು ಐರ್ಲೆಂಡಿಗೆ ಮರಳಿ ಮನೆ ಹೂಡಲಿಲ್ಲ. ಇದ್ದು ಹೋಗಲು ಬಂದವರು ಉಳಿದರು. ಆ ಊರಿನಲ್ಲಿಯೇ ಹುಟ್ಟಿದ ಹುಡುಗರು ಒಬ್ಬೊಬ್ಬರಾಗಿ ಅಮೆರಿಕದ ಕಾಲೇಜುಗಳಿಗೂ ಯೂರೋಪಿನ ನಗರಗಳಿಗೂ ಹೊರಟುಹೋದರು. ಓಟ ಅವರಿಗೆ ಊರು ದಾಟಿಸುವ ದಾರಿ. ಮೇಷ್ಟರಿಗೆ ಅದೇ ಊರಿನಲ್ಲಿ ಬೇರು ಬಿಡಿಸಿದ ನೆಲ.

ಸೇಂಟ್ ಪ್ಯಾಟ್ರಿಕ್ಸ್ ಶಾಲೆಯ ಆವರಣದಲ್ಲಿ ಮರಗಳಿವೆ. ದೊಡ್ಡ ಪಂದ್ಯ ಗೆದ್ದ ಹಳೆಯ ವಿದ್ಯಾರ್ಥಿ ಬಂದು ಒಂದು ಸಸಿ ನೆಡುವುದು ಅಲ್ಲಿಯ ರೂಢಿ. ಪಕ್ಕದಲ್ಲಿ ಅವನ ಹೆಸರಿನ ಪುಟ್ಟ ಹಲಗೆ. ನೆಟ್ಟವರು ಎಲ್ಲೆಲ್ಲಿಯೋ ಇದ್ದಾರೆ. ಹಲಗೆಗಳನ್ನು ಒಂದರ ನಂತರ ಒಂದಾಗಿ ಓದುತ್ತ ಹೋದರೆ ಥೇಟ್ ಹಾಜರಿ ಕೂಗಿದ ಹಾಗೆಯೇ. ಇಳಿಬಿಸಿಲಿನಲ್ಲಿ, ಆಡುಕುರಿಗಳು ಮರಳುವ ಹೊತ್ತಿಗೆ, ಆ ಮರಗಳ ಆಚೆಯ ಕೆಂಪು ಹಾದಿಯಲ್ಲಿ ಇನ್ನೂ ಹೆಸರು ಕೇಳದ ಹುಡುಗರು ಮೆಲ್ಲಗೆ ಓಡಲು ತೊಡಗುತ್ತಾರೆ.